ಭಾವ ಬಿಗಿದ ಬೋಲ್ಟು

ಮಡಕಶಿರಾ ದಾಟಿದ ಮೇಲೆ ಎಂಜಿನ್ ಜಾಮ್ ಆಗಿ ಕಾರು ನಡುರಸ್ತೆಯಲ್ಲಿ ನಿಂತುಬಿಡಬಹುದಿತ್ತು. ಸೋರಿದ ಆಯಿಲ್ ಸೈಲೆನ್ಸರಿಗೆ ತಾಗಿ ಹೊಗೆ ಬರಬಹುದಿತ್ತು, ಹೊಗೆ ಬೆಂಕಿಯಾಗಬಹುದಿತ್ತು. ಪಾವಗಡದ ಹತ್ತಿರ ಕೆಟ್ಟರೆ ಅದು ಕರ್ನಾಟಕ. ನಮ್ಮ ಆಂಧ್ರದ ನಂಬರ್ ಪ್ಲೇಟ್ ನೋಡಿ ಯಾರಾದರೂ ಏನಾದರೂ ಅನ್ನಬಹುದಿತ್ತು. ಇವತ್ತಿನವರೆಗೆ ಯಾರೂ ಏನೂ ಅಂದಿಲ್ಲ, ಅದು ಬೇರೆ ಮಾತು. ಬೋಲ್ಟಿನ ತೂತಿಗೆ ಹೊಸ ಥ್ರೆಡ್ ಕೊರೆಯುವಾಗ ಉದುರುವ ಲೋಹದ ಚೂರು ಎಂಜಿನ್ನಿನ ಹೊಟ್ಟೆ ಸೇರಬಹುದಿತ್ತು. ಜಾಕ್ ಜಾರಿ ಕಾರು ನನ್ನ ತಲೆಯ ಮೇಲೆ ಕೂರಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಹಿಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತ ನಮ್ಮಕ್ಕನ ಕಣ್ಣಿಗೆ ದೂಳು ಬೀಳಬಹುದಿತ್ತು.

ಅಕ್ಕನನ್ನು ಕೊಟ್ಟದ್ದು ಕಲ್ಯಾಣದುರ್ಗಕ್ಕೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹಿಂದೂಪುರಕ್ಕೆ, ನಮ್ಮ ಮನೆಗೆ ಬಂದಿದ್ದಳು. ಡಾಕ್ಟರು ಬಸ್ಸು ಬೇಡ, ದೂಳು ಬೇಡ, ಕಾರಿನಲ್ಲಿ ಗಾಜು ಏರಿಸಿಕೊಂಡು ಕಳಿಸಿ ಅಂದಿದ್ದರು. ಹೊರಡುವ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ಕಾರಿನಡಿ ದೋಸೆಯಗಲದ ಕಪ್ಪು ಮಚ್ಚೆ. ಇನ್ನೆರಡು ದಿನ ಇರು ಅಂದರೆ ಅಕ್ಕ ಕೇಳಲಿಲ್ಲ. ಕಾರು ಆಗದಿದ್ದರೆ ಬಸ್ಸು ಹತ್ತುತ್ತೇನೆ ಅಂತ ಚೀಲಕ್ಕೆ ಸೀರೆ ತುಂಬತೊಡಗಿದಳು.

ಗ್ಯಾರೇಜಿನಲ್ಲಿ ಕಾರೆತ್ತಿ ನೋಡಿದರು. ಆಯಿಲ್ ಚೇಂಬರಿನ ತಳದಲ್ಲಿ, ಹಳೇ ಆಯಿಲ್ ಇಳಿಸಲು ಒಂದು ಬೋಲ್ಟ್ ಇರುತ್ತದಲ್ಲ, ಅದು ಬಿಗಿಯೂ ಆಗದೆ ಸಡಿಲವೂ ಆಗದೆ ಸುಮ್ಮನೆ ಸುತ್ತುತ್ತಿತ್ತು. ಬೋಲ್ಟನ್ನು ಹಿಡಿಯುವ ತೂತಿನೊಳಗಿನ ಸುರುಳಿ ಗೆರೆ, ಅಂದರೆ ಥ್ರೆಡ್, ಸವೆದು ಹೋಗಿತ್ತು. ಇಡೀ ಚೇಂಬರನ್ನೇ ಬದಲಿಸಬೇಕು, ಬೆಂಗಳೂರಿನಿಂದ ಬರಬೇಕು, ವಾರ ಆಗುತ್ತೆ ಅಂದ ಗ್ಯಾರೇಜಿನವನು. ಗುಂಡಿಯ ಕಾಜ ಹರಿದರೆ ಅಂಗಿಯನ್ನೇ ಎಸೆಯುವ ಲೆಕ್ಕ. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಉರಿಯಲ್ಲಿ ಅವನ ಪಾಲು ಸ್ವಲ್ಪವೇ. ಉಳಿದದ್ದೆಲ್ಲ ನಮ್ಮ ಭಾವನ ಪಾಲು.

ಹೋದ ಸಲ ಕಲ್ಯಾಣದುರ್ಗಕ್ಕೆ ಹೋದಾಗ ಅಂಗಳದಲ್ಲೇ ಆಯಿಲ್ ಬದಲಿಸಿಕೊಟ್ಟವರು ಅವರೇ. ಬೇಡ ಅಂದರೂ ಕೇಳಲಿಲ್ಲ. ಭಾವನ ಆಯುಷ್ಯವೆಲ್ಲ ಬೋರ್‌ವೆಲ್ಲಿಗೆ ಮೋಟಾರ್ ಇಳಿಸುವುದರಲ್ಲಿ ಕಳೆದಿದೆ. ಆ ಕಡೆ ಒಂದು ಪೈಪಿನ ಜಾಯಿಂಟ್ ಸಡಿಲಾದರೆ ಮೋಟಾರು ಪಾತಾಳಕ್ಕೆ ಹೋಯಿತೆಂದೇ ಅರ್ಥ. ಹಾಗಾಗಿ ಪೈಪ್ ಬಿಗಿಯುವ ಪಾನಾದ ಹಿಡಿಗೆ ಇನ್ನೊಂದು ಪೈಪು ಸಿಕ್ಕಿಸಿ, ಇಬ್ಬರು ಜೋತುಬಿದ್ದು, ಬಿಗಿಯಾಯಿತು ಅಂದಮೇಲೂ ಒಂದು ಸುತ್ತು ಹಾಕುವುದು ಅಲ್ಲಿಯ ಪದ್ಧತಿ. ಅದು ಕಬ್ಬಿಣಕ್ಕೆ ಸರಿ. ನನ್ನ ಕಾರಿನದು ಅಲ್ಯೂಮಿನಿಯಂ. ಅವತ್ತು ಕೊನೆಯ ಸುತ್ತಿಗೆ ಕಿರ್ ಅಂದದ್ದನ್ನು ನಾನೂ ಕೇಳಿದ್ದೆ. ಭಾವ ಎದ್ದು ಕೈ ಒರೆಸಿಕೊಳ್ಳುತ್ತಾ, "ಇನ್ನು ದೇವ್ರು ಬಂದ್ರೂ ಬಿಚ್ಚಾಕಾಗಕಿಲ್ಲ ಕಣ್ಲಾ" ಅಂದಿದ್ದರು.

ಕೊನೆಗೆ ಒಂದು ಲೇತ್ ಅಂಗಡಿ ಸಿಕ್ಕಿತು. ಅಂಗಡಿಯವನು ಕಾರಿನಡಿಗೆ ತೂರಿ, ತೂತಿಗೆ ಬೆರಳಿಟ್ಟು ನೋಡಿ, "ಎವರು ಸಾರ್ ಬಿಗಿಂಚಿಂದಿ? ಬೋರ್ ಇಳ್ಸೋರಾ?" ಅಂತ ತೆಲುಗು ಬೆರೆಸಿ, ಬಿಗಿದವರು ಯಾರೆಂದು ಕೇಳಿದ. ನಮ್ಮ ಭಾವ ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಥ್ರೆಡ್ ಕೊರೆಯುವ ಟ್ಯಾಪಿಗೆ ಗ್ರೀಸ್ ಮೆತ್ತಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ತೂತನ್ನು ಕೊಂಚ ಅಗಲ ಮಾಡಿ ಹೊಸ ಥ್ರೆಡ್ ಹಾಕಿದ. ಚೂರುಗಳು ಗ್ರೀಸಿಗೆ ಅಂಟಿಕೊಂಡು ಹೊರಬಂದವು. ಒಂದಾದರೂ ಒಳಗೆ ಉಳಿದಿರಬಹುದೇ ಅಂತ ಕೇಳಿದೆ. ಇಲ್ಲ ಅಂದ. ಮತ್ತೆ ಕೇಳಿದೆ. ಟ್ಯಾಪನ್ನು ನನ್ನ ಕೈಗೇ ಕೊಡಲು ಬಂದ. ಆಮೇಲೆ ಸ್ವಲ್ಪ ಆಯಿಲ್ ಸುರಿದು ಒಳಗೆ ತೊಳೆದ, ಹೊಸದಾಗಿ ಕಡೆದ ದಪ್ಪ ಬೋಲ್ಟಿಗೆ ತಾಮ್ರದ ವಾಷರ್ ಹಾಕಿ ಒಂದೇ ಕೈಯಲ್ಲಿ ಹಿತವಾಗಿ ಬಿಗಿದ. "ಇಷ್ಟೇ ಸಾಕು. ನಿಮ್ ಭಾವಂಗೆ ಮಾತ್ರ ತೋರಿಸ್ಬ್ಯಾಡಿ."

ಮರುದಿನ ದಾರಿಯುದ್ದಕ್ಕೂ ನಾನು ಭಾವನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಊರೂರಿಗೆ ನಿಲ್ಲಿಸಿ ಕಾರಿನಡಿ ಬಗ್ಗಿ ನೋಡಿದೆ. ಒಂದು ಹನಿ ಇಲ್ಲ. ಹೀಗೆ ಇಳಿಯುವಾಗೆಲ್ಲ ಬಾಗಿಲು ತೆಗೆದು ನೀನೇ ದೂಳು ತುಂಬ್ತಾ ಇದೀಯ ಅಂತ ಅಕ್ಕ ಬೈದಳು. ಮಾತು ಜೋಡಿಸುತ್ತಿದ್ದುದೂ ಅವಳಿಗೆ ಗೊತ್ತಾಗಿತ್ತು. "ಅವ್ರಿಗೇನೂ ಅನ್ಬ್ಯಾಡ ಕಣಪ್ಪ. ನೀನು ದೂರದ ದಾರಿ ಹೋಗೋನು ಅಂತ ಬಿಗ್ದವ್ರೆ."

ಆದರೂ ಅನ್ನುವವನೇ ಇದ್ದೆ. ಕಲ್ಯಾಣದುರ್ಗದಲ್ಲಿ ನಾವು ಇಳಿದೊಡನೆ ಭಾವ ಅಕ್ಕನ ಮುಖವನ್ನು ಆಮೇಲೆ, ಕಾರಿನಡಿಯನ್ನು ಮೊದಲು ನೋಡಿದರು. ಒಣಗಿತ್ತು. "ನೋಡ್ದಾ, ನಾನ್ ಬಿಗ್ದಿದ್ದು" ಅಂದರು. ನಾನು ಬಾಯಿ ತೆರೆದೆ. ಅಕ್ಕ ಕಪ್ಪು ಕನ್ನಡಕದೊಳಗಿಂದಲೇ ನನ್ನನ್ನು ನೋಡಿದಳು. ಬಾಯಿ ಮುಚ್ಚಿದೆ.

ಕಣ್ಣಿಗೆ ಔಷಧಿ ಹಾಕುವ ಹೊತ್ತಾಗಿತ್ತು. ಭಾವ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು ಬಂದರು. ಅಕ್ಕನ ಗಲ್ಲ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಒಂದು ಹನಿ ಬಿಟ್ಟರು. ರೆಪ್ಪೆಗೂ ತಾಗಲಿಲ್ಲ. ಪಾನಾ ಹಿಡಿಯುವ ಆ ಬೆರಳುಗಳು ಅಷ್ಟು ಹಗುರ ಇರಬಲ್ಲವೆಂದು ನನಗೆ ಗೊತ್ತಿರಲಿಲ್ಲ. ನನ್ನ ಕೋಪ ಅರ್ಧ ಇಳಿಯಿತು. ಆಮೇಲೆ ಅವರು ಬಾಟಲಿಗೆ ಮುಚ್ಚಳ ಹಾಕಿದರು. ಹಾಕಿ, ತಿರುಗಿಸಿ, ಇನ್ನೊಂದು ಸುತ್ತು ಕೊಟ್ಟರು. ಕಿರ್ ಅಂದಿತು.

"ಸೋರ್ಬಾರ್ದಲ್ಲ ಕಣ್ಲಾ" ಅಂತ ಬಾಟಲಿಯನ್ನು ನನ್ನ ಕೈಗಿಟ್ಟರು. ಮುಚ್ಚಳ ಬಿಗಿಯೂ ಆಗದೆ, ಸಡಿಲವೂ ಆಗದೆ ಸುಮ್ಮನೆ ಸುತ್ತುತ್ತಿತ್ತು.