ಅಕ್ಕ ಸುರಿಯದ ಉಪ್ಪು

ಕಳೆದ ತಿಂಗಳು ನಮ್ಮಕ್ಕ ಹುಲಿಗೆಮ್ಮ ತನ್ನೂರು ಕರೂರಿನಿಂದ ಬಸ್ಸು ಹತ್ತಿ ಬಳ್ಳಾರಿಯ ನಮ್ಮ ಮನೆಗೆ ಬಂದಳು. ಕೈಚೀಲದಲ್ಲಿ ಮೂರು ಬಾಟಲಿ. ಮೂರರಲ್ಲೂ ಬರೀ ನೀರು.

ಅಕ್ಕನ ಗದ್ದೆಯ ಒಂದು ಮೂಲೆ ಉಪ್ಪೇರಿ ಸವಳು ಹಿಡಿದು, ಭತ್ತ ಏಳದೆ ಬೆಳ್ಳಗೆ ಬಿದ್ದಿತ್ತು. ಅಲ್ಲಿ ಹೊಂಡ ತೋಡಿಸಿ ಕಾಟ್ಲಾ, ರೋಹು ಮೀನಿನ ಮರಿ ಬಿಟ್ಟಿದ್ದಳು. ಬಿಸಿಲಿಗೆ ನೀರು ಇಳಿದಾಗಲೆಲ್ಲ ಬೋರ್ ಆನ್. ಮೀನುಗಳು ಗೇಣುದ್ದ ಬೆಳೆದವು. ಆಮೇಲೆ ತೌಡು, ಹಿಂಡಿ ಮುಟ್ಟುವುದನ್ನೇ ಬಿಟ್ಟವು. ಮೈಮೇಲೆ ಕೆಂಪು ಗಾಯ. ದಿನಕ್ಕೆ ಮೂರೋ ನಾಲ್ಕೋ ತೇಲತೊಡಗಿದವು.

ಫೋನು ಮಾಡಿದಳು. ನೀವು ನನ್ನನ್ನು ಬಲ್ಲಿರಿ, ನನ್ನ ಬಳಿ ಸಲಹೆಗೆ ಬರವಿಲ್ಲ. ಒಂದು ವಿಡಿಯೋ ನೋಡಿ, ಒಂದು ಚೀಲ ಉಪ್ಪು ಸುರಿದುಬಿಡು ಎಂದೆ. (ನಮ್ಮ ಮನೆಯಲ್ಲಿ ಒಂದು ಅಕ್ವೇರಿಯಂ ಕೂಡ ಇಲ್ಲ.) ಗಾಯಕ್ಕೆ ಉಪ್ಪು ಮದ್ದು ತಾನೇ?

ಅಕ್ಕ ಉಪ್ಪು ತಂದಳು. ಚೀಲ ಬಿಚ್ಚುವ ಮುನ್ನ ದಂಡೆಯ ಮೇಲೆ ನಿಂತು ನೋಡಿದಳು. ಕಾಲುವೆ ನೀರು ಜಿನುಗುವ ಮೂಲೆಯಲ್ಲೇ ಮೀನೆಲ್ಲ ಗುಂಪುಗೂಡಿದ್ದವು. ಹೊಂಡದ ನೀರನ್ನು ಬಾಯಿಗೆ ಹಾಕಿಕೊಂಡು ಉಗಿದಳು: ಉಪ್ಪುಪ್ಪು. ಚೀಲ ಹಾಗೇ ಉಳಿಯಿತು. ಹೊಂಡ, ಕಾಲುವೆ, ಬೋರು ಮೂರರ ನೀರನ್ನೂ ಬಾಟಲಿಗೆ ತುಂಬಿಕೊಂಡು ಬಸ್ಸು ಹತ್ತಿದಳು.

ನಮ್ಮ ಓಣಿಯ ನೀರಿನ ಫಿಲ್ಟರ್ ರಿಪೇರಿಯವನಿಂದ ಉಪ್ಪಿನಂಶ ಅಳೆಯುವ ಮೀಟರ್ ತಂದು ಬಾಟಲಿಗಳಲ್ಲಿ ಅದ್ದಿದೆ. ಕಾಲುವೆ ನೀರಿಗೆ ಸಣ್ಣ ಅಂಕಿ. ಹೊಂಡದ್ದಕ್ಕೆ ಅದರ ಎಷ್ಟೋ ಪಟ್ಟು. ಬೋರಿನದು ಇನ್ನೂ ಮೇಲೆ.

ಅಕ್ಕ ಬೋರಿನ ಬಾಟಲಿಯನ್ನು ಕೈಗೆತ್ತಿಕೊಂಡಳು. "ನಾನಽ ದಿನಾ ಉಪ್ಪು ಕುಡಿಸೀನಿ," ಎಂದಳು.

ನನ್ನ ಸಲಹೆಗೆ ಕ್ಷಮೆ ಕೇಳಲು ಹೋದೆ.

"ಇರಲಿ ಬಿಡು ತಮ್ಮಾ. ನಿನಗಿಂತ ಮೀನು ಚೊಲೋ ಹೇಳ್ಯಾವ."

ಅವತ್ತೇ ಊರಿಗೆ ಹೋಗಿ ಬೋರ್ ನಿಲ್ಲಿಸಿದಳು. ತಳದ ನೀರನ್ನು ದಿನಕ್ಕಿಷ್ಟು ಹೊರಬಿಟ್ಟಳು. ಪಕ್ಕದವರ ಗದ್ದೆಗಲ್ಲ, ಪೈಪು ಎಳೆದು ದೂರದ ಹಳ್ಳಕ್ಕೆ. ತನ್ನ ಪಾಳಿಯ ಕಾಲುವೆ ನೀರನ್ನೆಲ್ಲ ಹೊಂಡಕ್ಕೆ ತಿರುಗಿಸಿದಳು. ಒಮ್ಮೆಲೇ ಬದಲಿಸಿದರೆ ಮೀನು ತಡೆಯುವುದಿಲ್ಲವೆಂದು ಎರಡು ವಾರ ತಾಳಿದಳು. ಕಾಲು ಭಾಗ ಸತ್ತವು. ಉಳಿದವು ಮೊನ್ನೆಯಿಂದ ತೌಡಿಗೆ ಮೇಲೆ ಬರುತ್ತಿವೆಯಂತೆ. ಈಗ ಅವಳದೇ ಒಂದು ಮೀಟರ್ ಇದೆ. ಕಾಲುವೆ ನಿಲ್ಲುವ ಮೊದಲೇ ಹೊಂಡ ತುಂಬಿಸಿಕೊಳ್ಳುತ್ತಾಳಂತೆ. ಫೋನಿನಲ್ಲಿ ಅವಳ ದನಿಗೆ ಅಳುಕಿರಲಿಲ್ಲ.

ನಾವು? ಮಗು ಊಟ ಬಿಟ್ಟರೆ ಟಾನಿಕ್ ತರುತ್ತೇವೆ. ಆಫೀಸಿನವರು ಮಂಕಾದರೆ ಮೋಟಿವೇಶನ್ ಕ್ಲಾಸ್ ಇಡಿಸುತ್ತೇವೆ. (ನಮ್ಮಲ್ಲೂ ಇಡಿಸಿದ್ದರು. ಚಹಾ ಚೆನ್ನಾಗಿತ್ತು.)

ಸೊರಗಿದವರಿಗೆ ಮದ್ದು ಹುಡುಕುವ ಮುನ್ನ, ಅವರಿಗೆ ನಾವೇ ದಿನವೂ ಏನು ಕೊಡುತ್ತಿದ್ದೇವೆ ಎಂದು ಕೇಳಿಕೊಂಡಿದ್ದೇವೆಯೇ?