ಗುಂಡಿ ಕೂರಿಸುವ ಯಜಮಾನರು

ಗುಂಡಿ ತಿರುಗಿಸಿದರೆ ಹಕ್ಕಿಯಂತೆಯೂ ಗುಡುಗಿನಂತೆಯೂ ಕೂಗುವ ಸಿಂಥಸೈಜರ್ ಪೆಟ್ಟಿಗೆಗಳನ್ನು ಯಜಮಾನರು ಮನೆಯಲ್ಲೇ ಕಟ್ಟುತ್ತಾರೆ. ಒಂದು ಗುಂಡಿ ಕೂರಿಸಲು ಒಂದು ಬೆಳಗು ಬೇಕು. ಅದರ ಬಿಳಿ ಗೆರೆ ಸೊನ್ನೆಗೆ ನೇರ ನಿಲ್ಲದೆ ಕೂದಲೆಳೆಯಷ್ಟು ಆಚೀಚೆಯಾದರೆ ಅವರಿಗೆ ಅನ್ನ ಸೇರದು. ನಟ್ಟು ಬಿಗಿಯುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಇಂಥವರು ಒಳಗಿನ ತಂತಿಗಳನ್ನು ಮಾತ್ರ ಬೇಕಾದ್ದಕ್ಕಿಂತ ಗೇಣುದ್ದ ಹೆಚ್ಚು ಬಿಡುತ್ತಾರೆ. “ಸೋಪಿನ ಚೂರೂ ಬಿಸಾಡದೋರು, ತಂತಿಗೆ ಮಾತ್ರ ಧಾರಾಳ ಯಾಕ್ರೀ?” ಎಂದು ಹೆಂಡತಿ ಛೇಡಿಸಿದಳು. “ಮುಚ್ಚಳ ಬಿಚ್ಚೋವಾಗ ಕಿತ್ಕೊಂಡು ಬರಬಾರ್ದು ಕಣೇ.” “ನಿಮ್ಮ ಕೈಲಿ ಯಾವತ್ತು ಕಿತ್ಕೊಂಡು ಬಂದಿದೆ?” “ನಾನಲ್ಲ, ನೀನು ಬಿಚ್ಚೋವಾಗ,” ಎಂದ ಯಜಮಾನರು, ನಡುಗುತ್ತಿದ್ದ ಬಲಗೈಯನ್ನು ತೊಡೆಗೆ ಅದುಮಿಕೊಂಡು, ಇಷ್ಟು ವರ್ಷ ಯಾರಿಗೂ ಮುಟ್ಟಗೊಡದ ಬೆಸುಗೆ ಕಡ್ಡಿಯ ಹಿಡಿಯನ್ನು ಎಡಗೈಯಿಂದ ಅವಳತ್ತ ಚಾಚಿದರು.