ಕೋಗಿಲೆಯ ಕರೆಗಂಟೆ

ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಕರೆಗಂಟೆ ಇದೆ. ಒತ್ತಿದರೆ ಕೋಗಿಲೆಯ ದನಿಯಲ್ಲಿ ಕೂಗುತ್ತದೆ. ಅದಕ್ಕೆ ವಸಂತವೂ ಒಂದೇ, ಆಷಾಢವೂ ಒಂದೇ. ಗ್ಯಾಸ್ ಸಿಲಿಂಡರಿನವನು ಬಂದರೂ ಅದೇ ಉತ್ಸಾಹ. ಉಡುಪಿಯ ಅಂಗಡಿಯಲ್ಲಿ ಬಹಳ ಹೊತ್ತು ನಿಂತು, ಗುಬ್ಬಿ, ಗಿಳಿ, ಗುಡಿಯ ಗಂಟೆ ಎಲ್ಲವನ್ನೂ ಒತ್ತಿ ನೋಡಿ, ಅಂಗಡಿಯವನ ಸಹನೆ ತೀರುವ ಹೊತ್ತಿಗೆ ಕೋಗಿಲೆಯನ್ನು ಆರಿಸಿದವನು ನಾನೇ. ಸುಸಂಸ್ಕೃತರ ಮನೆಗೆ ಸುಶ್ರಾವ್ಯವಾದ ದನಿ ಇರಬೇಕೆಂದು ಹೆಂಡತಿ ಶಾಲಿನಿಗೆ ವಿವರಿಸಿದೆ. ನಿಜವಾದ ಕಾರಣ ಬೇರೆಯೇ ಇತ್ತು, ಅದು ಅವಳಿಗೂ ಗೊತ್ತಿತ್ತು. ಆ ಕೋಗಿಲೆಯನ್ನು ತಂದದ್ದು ನನ್ನ ಅಕ್ಕನ ಬಾಯಿ ಮುಚ್ಚಿಸಲು.

ಅಕ್ಕ ಕಾಪುವಿನಲ್ಲಿ ಮೀನು ಮಾರುತ್ತಾಳೆ. ಹರೆಯದಿಂದಲೂ ಬುಟ್ಟಿ ಹೊತ್ತು, ಮನೆಮನೆಯ ಮುಂದೆ ನಿಂತು ಕರೆದು ಪಳಗಿದ ಗಂಟಲು ಅವಳದು. ಕಡಲು ಭೋರ್ಗರೆಯುವಾಗಲೂ ಕೇಳಿಸಬೇಕಾದ ದನಿಗೆ ಗೋಡೆ, ಬಾಗಿಲು, ತಮ್ಮನ ನಿದ್ದೆ ಇವೆಲ್ಲ ಯಾವ ಲೆಕ್ಕ? ಮೂರು ಮನೆ ಆಚೆ ಇರುವಾಗಲೇ “ತಮ್ಮಾ, ಬಂಗುಡೆ ಉಂಟು, ಎದ್ದೇಳು” ಎನ್ನುವಳು. ನಾನಾದರೋ ನಿಟ್ಟೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಇಷ್ಟು ವರ್ಷ ನನ್ನ ಪಾಠದಲ್ಲಿ ಮಕ್ಕಳು ಸುಖವಾಗಿ ನಿದ್ದೆ ಮಾಡಿದ್ದಾರೆ, ಈಗ ನನ್ನ ಸರದಿ ಎಂಬ ನ್ಯಾಯವಾದ ಹಂಬಲವಿತ್ತು. ಅವಳ ಬಂಗುಡೆ ಬೇಕು, ಅವಳ ಬೊಬ್ಬೆ ಬೇಡ, ಇಷ್ಟೇ ನನ್ನ ಬೇಡಿಕೆ. ಕರೆಗಂಟೆ ಹಾಕಿಸಿದ ದಿನ ಅವಳನ್ನು ಬಾಗಿಲಿಗೆ ಕರೆದುಕೊಂಡು ಹೋಗಿ, “ಅಕ್ಕ, ಇನ್ನು ಕೂಗಬೇಡ, ಇದನ್ನು ಒತ್ತು” ಎಂದೆ. “ನನಗೆ ಬಾಯಿ ಉಂಟಲ್ಲ ಮಾರಾಯ, ಈ ಹಕ್ಕಿ ಎಂತಕ್ಕೆ?” ಎಂದು ನಕ್ಕು, ಮರುದಿನವೂ ಮೂರು ಮನೆ ಆಚೆಯಿಂದಲೇ ಕೂಗಿದಳು.

ಬೇಡಿದ್ದು ಸಿಕ್ಕಿತು ನೋಡಿ. ಮಳೆಗಾಲದಲ್ಲಿ ಅವಳ ದನಿ ಒಡೆಯಿತು. ಗಂಟಲೊಳಗೆ ಎದ್ದಿದ್ದ ಗಂಟನ್ನು ಮಣಿಪಾಲದ ಆಸ್ಪತ್ರೆಯಲ್ಲಿ ತೆಗೆದರು. ಎಲ್ಲವೂ ಚೆನ್ನಾಗಿಯೇ ನಡೆಯಿತು. ಕೆಲವು ದಿನ ಮೌನವಾಗಿದ್ದು ಆಮೇಲೆ ಮೆಲ್ಲಗೆ ಮಾತಾಡಿ ಎಂದರು. ಅವಳು ಬಾಯಿ ತೆರೆದಾಗ ಗಾಳಿ ಮಾತ್ರ ಹೊರಬಂತು. ಮತ್ತೆ ಪರೀಕ್ಷಿಸಿದ ವೈದ್ಯರು, ಒಳಗೆ ಎಲ್ಲ ಸರಿಯಾಗಿದೆ, ಹೆದರಿಕೆಗೆ ಗಂಟಲು ಬಿಗಿದುಕೊಂಡಿದೆ, ದನಿ ಬರಬಹುದು, ಆದರೆ ಯಾವಾಗ, ಎಷ್ಟು ಎಂದು ಹೇಳಲಾರೆ ಎಂದರು. ದನಿಯಿಂದಲೇ ಬದುಕಿದ ಹೆಂಗಸು ಮಾರ್ಕೆಟ್ಟಿನ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು, ಹೋಗಿಬರುವವರ ಮುಖವನ್ನು ನೋಡುತ್ತ ಕೂರತೊಡಗಿದಳು. ಮಧ್ಯಾಹ್ನ ನಮ್ಮ ಮನೆಗೆ ಬಂದು ಕರೆಗಂಟೆ ಒತ್ತುವಳು. ಕೋಗಿಲೆ ಕೂಗುವುದು. ನನಗೆ ಬೇಕಾಗಿದ್ದ ಸುಶ್ರಾವ್ಯತೆ ಅದೇ ತಾನೇ? ಆದರೂ ಅದನ್ನು ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಇಂಥ ದಿನಗಳಲ್ಲೇ, ದೀಪಾವಳಿ ರಜೆಯಲ್ಲಿ, ಅಕ್ಕನ ಮೊಮ್ಮಗಳು ಅನ್ವಿಯನ್ನು ಮಣಿಪಾಲಕ್ಕೆ ಸಿನಿಮಾ ತೋರಿಸಲು ಕರೆದುಕೊಂಡು ಹೋದೆ. ಮಕ್ಕಳ ಚಿತ್ರ. ಹಳೆಯ ಥರ್ಮಾಸ್ ಫ್ಲಾಸ್ಕಿನೊಳಗೆ ಆಕಳಿಸುತ್ತ ಕುಳಿತ ಒಬ್ಬ ಮಾಯಾವಿ, ಅದರ ಮುಚ್ಚಳ ತೆರೆದ ಒಬ್ಬಳು ತುಂಟ ಹುಡುಗಿ. ಅವಳು ಕೇಳಿದ್ದನ್ನೆಲ್ಲ ಮಾಯಾವಿ ಕೊಡುತ್ತಾನೆ, ಅಕ್ಷರಕ್ಕೆ ಅಕ್ಷರ ಹಿಡಿದು ಕೊಡುತ್ತಾನೆ. ಮನೆ ತುಂಬ ಐಸ್ ಕ್ರೀಮ್ ಬೇಕೆಂದರೆ ಅಜ್ಜಿ ಮಂಚದ ಸಮೇತ ಅದರಲ್ಲಿ ಮುಳುಗುತ್ತಾಳೆ. ನಾನು ಪಾಪ್‌ಕಾರ್ನ್ ಮೆಲ್ಲುತ್ತ, ಪಕ್ಕದ ಮಕ್ಕಳಿಗಿಂತ ಜೋರಾಗಿಯೇ ನಗುತ್ತಿದ್ದೆ. ಆಗ ಆ ಹುಡುಗಿ, ಅಮ್ಮ ಬಯ್ಯುವುದು ನಿಲ್ಲಬೇಕು ಎಂದು ಕೇಳಿದಳು. ತೆರೆಯ ಮೇಲೆ ಅಮ್ಮ ಬಾಯಿ ತೆರೆದಳು, ಮುಚ್ಚಿದಳು, ತೆರೆದಳು. ಒಂದು ಸ್ವರವೂ ಇಲ್ಲ. ಚಿತ್ರಮಂದಿರವೆಲ್ಲ ಗೊಳ್ಳೆಂದು ನಕ್ಕಿತು. ನನ್ನ ಗಂಟಲಿನಲ್ಲಿ ಪಾಪ್‌ಕಾರ್ನ್ ಸಿಕ್ಕಿಕೊಂಡಿತು.

ಅನ್ವಿಯೂ ನಗಲಿಲ್ಲ. ನನ್ನ ಕಿವಿಯ ಬಳಿ ಬಂದು, “ಅಜ್ಜ, ಅವಳು ಕೇಳಿದ್ದೇ ಸರಿ ಇಲ್ಲ. ಅಮ್ಮನ ಮಾತು ಇರಲಿ, ಬೈಗುಳ ಮಾತ್ರ ಬೇಡ ಅಂತ ಬಿಡಿಸಿ ಹೇಳಬೇಕಿತ್ತು ಅಲ್ವಾ?” ಎಂದಳು. ಮೂರನೆಯ ತರಗತಿಯ ಹುಡುಗಿಯ ಈ ತೀರ್ಪಿಗೆ ನಿವೃತ್ತ ಗಣಿತದ ಮೇಷ್ಟರು ತಲೆಯಾಡಿಸಿದರು. ಚಿತ್ರದ ಕೊನೆಯಲ್ಲಿ ಆ ಹುಡುಗಿಗೆ ಇನ್ನೊಂದು ವರ ಉಳಿದಿತ್ತು, ಎಲ್ಲವೂ ಸರಿಯಾಯಿತು. ಸಿನಿಮಾದವರಿಗೆ ಹಾಗೆ ಒಂದು ವರ ಯಾವಾಗಲೂ ಉಳಿದಿರುತ್ತದೆ. ನಮ್ಮ ಕಡೆಯವರಿಗೆ ಉಳಿದಿರುವುದು ಹರಕೆ.

ಹರಕೆಯನ್ನು ಕಂಡರೆ ಮೂಗು ಮುರಿಯುತ್ತಿದ್ದವನು ನಾನು. ಸಮೀಕರಣದ ಎರಡೂ ಬದಿಗೆ ಸಂಬಂಧವೇ ಇಲ್ಲವಲ್ಲ ಎಂದು ಶಾಲಿನಿಯ ಮುಂದೆ ಅದೆಷ್ಟು ಸಲ ಭಾಷಣ ಬಿಗಿದಿದ್ದೆನೋ. ಅಂಥವನು ಅನ್ವಿಯನ್ನು ಮನೆಗೆ ಬಿಟ್ಟು ನೆಟ್ಟಗೆ ಕಾಪುವಿನ ಮಾರಿಗುಡಿಗೆ ಹೋದೆ, ಕಣ್ಣು ಮುಚ್ಚಿ ನಿಂತೆ. ಫ್ಲಾಸ್ಕಿನ ಮಾಯಾವಿ ಕಲಿಸಿದ ಪಾಠ ನೆನಪಿತ್ತು, ಬಿಡಿಸಿ ಬಿಡಿಸಿ ಹೇಳಿದೆ. ಅಮ್ಮಾ, ಅಕ್ಕನಿಗೆ ದನಿ ಬರಲಿ. ದನಿಯೆಂದರೆ ಅವಳದೇ ದನಿ, ಇನ್ನೊಬ್ಬರದಲ್ಲ. ಪಿಸುಮಾತು ಸಾಲದು, ಮೂರು ಮನೆ ಆಚೆಯಿಂದ ಕೇಳಿಸಬೇಕು. ಒಮ್ಮೆ ಬಂದು ಹೋಗುವುದಲ್ಲ, ಬಂದದ್ದು ಉಳಿಯಬೇಕು. ಹೀಗೆ ಷರತ್ತಿನ ಮೇಲೆ ಷರತ್ತು ಪೇರಿಸುತ್ತಿರುವಾಗ ಅರ್ಚಕರು, “ಸರ್, ತೀರ್ಥ ತೆಗೆದುಕೊಳ್ಳಿ, ಹಿಂದೆ ಜನ ಉಂಟು” ಎಂದರು. ಗಡಿಬಿಡಿಯಲ್ಲಿ, ಅಲ್ಲಿಯವರೆಗೆ ನಾನು ಬಂಗುಡೆ ಮುಟ್ಟುವುದಿಲ್ಲ ಎಂದು ಸೇರಿಸಿ ಕೈ ಚಾಚಿದೆ.

ಇಷ್ಟದ್ದನ್ನು ಬಿಟ್ಟು ಹರಕೆ ಹೊರುವುದು ನಮ್ಮಲ್ಲಿ ಇದ್ದದ್ದೇ, ತೀರುವವರೆಗೆ ಬಾಯಿ ಬಿಡಬಾರದೆಂದು ನಮ್ಮ ಅಮ್ಮ ಹೇಳುತ್ತಿದ್ದುದೂ ನಿಜ. ಆದರೆ ಮೀನು ಮಾರುವ ಅಕ್ಕನಿಗಾಗಿ ಮೀನನ್ನೇ ಬಿಟ್ಟ ಜಾಣ ಕರಾವಳಿಯಲ್ಲಿ ನಾನೊಬ್ಬನೇ ಇರಬೇಕು. ಮರುದಿನವೇ ಕೋಗಿಲೆ ಕೂಗಿತು, ಅಕ್ಕ ಬಂದಳು, ಬುಟ್ಟಿಯಲ್ಲಿ ನನಗೆಂದು ಆರಿಸಿಟ್ಟ ಹೊಳೆಯುವ ಬಂಗುಡೆ. ಶಾಲಿನಿ ಮಸಾಲೆ ಹಚ್ಚಿ ಕಾಯಿಸಿದಳು. ನಾನು ಹೊಟ್ಟೆ ಸರಿಯಿಲ್ಲ ಎಂದೆ. ಇನ್ನೊಂದು ದಿನ ಹಲ್ಲುನೋವು ಎಂದೆ. ಮತ್ತೊಂದು ದಿನ ಏಕಾದಶಿ ಎಂದೆ. ಅಂದು ಅಷ್ಟಮಿ ಎಂದು ಶಾಲಿನಿ ಕ್ಯಾಲೆಂಡರ್ ತೋರಿಸಿದಳು. ಅಕ್ಕ ಅಡುಗೆಮನೆಯ ಬಾಗಿಲಿಗೊರಗಿ ನನ್ನ ತಟ್ಟೆಯನ್ನು ನೋಡುತ್ತಿದ್ದಳು. ಅವಳಿಗೆ ಕೇಳಲು ದನಿಯಿಲ್ಲ, ನನಗೆ ಹೇಳಲು ಅಪ್ಪಣೆಯಿಲ್ಲ. ಬಂಗುಡೆಯ ಪರಿಮಳ ನಮ್ಮಿಬ್ಬರ ನಡುವೆ ಸುಳಿದಾಡುತ್ತಿತ್ತು, ನಾನು ಬಸಳೆ ಸಾರಿನಲ್ಲಿ ಅನ್ನ ಕಲಸುತ್ತಿದ್ದೆ. ಪ್ರತಿದಿನವೂ ಅವಳ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು, ಅದನ್ನು ನೋಡಲಾಗುತ್ತಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ನಾನು ಬಂಗುಡೆಯ ತುಂಡನ್ನು ಮೆಲ್ಲಗೆ ಶಾಲಿನಿಯ ತಟ್ಟೆಗೆ ದಾಟಿಸಿದೆ. ಬಾಗಿಲಲ್ಲಿ ಏನೋ ಗರಗರ ಸದ್ದಾಯಿತು. ತಲೆಯೆತ್ತಿದರೆ ಅಕ್ಕನ ಕುತ್ತಿಗೆಯ ನರ ಉಬ್ಬಿತ್ತು, ಕಣ್ಣು ತುಂಬಿತ್ತು.

“ಎಂತ ತಮ್ಮ, ನಾನು ತಂದ ಬಂಗುಡೆ ನಾರುತ್ತದಾ ನಿನಗೆ?”

ಮೊದಲ ಮಾತು ಒಡಕಾಗಿತ್ತು. ಎರಡನೆಯದಕ್ಕೆ ದನಿ ತುಂಬಿ ಬಂತು. “ಊರಿನವರು ನನ್ನ ಬುಟ್ಟಿ ದಾಟಿ ಹೋದರೂ ಸುಮ್ಮನಿದ್ದೆ. ನೀನೂ ದಾಟಿಸುತ್ತೀಯಾ? ಬಾಯಿ ಹೋದವಳ ಮೀನು ಮೀನಲ್ಲವಾ?”

ಆಚೆ ಮನೆಯ ಕಿಟಕಿ ತೆರೆಯಿತು, ಅದರಾಚೆಯದೂ ತೆರೆಯಿತು. ಷರತ್ತುಗಳೆಲ್ಲ ಒಂದೊಂದಾಗಿ ನೆರವೇರುತ್ತಿದ್ದವು. ಬೈಗುಳ ಬೇಡವೆಂಬ ಷರತ್ತನ್ನು ಮಾತ್ರ ನಾನು ಗಡಿಬಿಡಿಯಲ್ಲಿ ಬಿಟ್ಟಿದ್ದೆ, ಅದು ಒಳ್ಳೆಯದೇ ಆಯಿತು. ತಾನು ಮಾತಾಡುತ್ತಿರುವುದು ಅವಳಿಗೇ ಇನ್ನೂ ತಿಳಿದಿರಲಿಲ್ಲ. ನಾನು ಶಾಲಿನಿಯ ತಟ್ಟೆಯಿಂದ ಆ ತುಂಡನ್ನು ಹಿಂದಕ್ಕೆ ತೆಗೆದುಕೊಂಡು ಬಾಯಿಗಿಟ್ಟೆ. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯಿತು. “ಖಾರ ಜಾಸ್ತಿಯಾಯಿತಾ?” ಎಂದು ಅಕ್ಕನೇ ಕೇಳಿದಳು, ಕೇಳಿದ್ದು ತನ್ನ ಕಿವಿಗೆ ಬಿದ್ದು ಕೈಯನ್ನು ಗಂಟಲ ಮೇಲಿಟ್ಟುಕೊಂಡು ಅಲ್ಲೇ ಕುಳಿತಳು.

ಇದು ದೇವಿಯ ಕೃಪೆಯೋ, ಮೀನಿನ ಅವಮಾನವೋ, ಬಿಗಿದ ಗಂಟಲು ಸಿಟ್ಟಿಗೆ ಸಡಿಲಾದದ್ದೋ, ನೀವೇ ತೀರ್ಮಾನಿಸಿ. ಸಮೀಕರಣದ ವಿಷಯದಲ್ಲಿ ನಾನು ಈಗ ಮಾತಾಡುವುದಿಲ್ಲ. ದನಿ ಮೊದಲಿಗಿಂತ ಸ್ವಲ್ಪ ಒರಟಾಗಿದೆ, ದೂರಕ್ಕೇನೂ ಕಡಿಮೆಯಿಲ್ಲ. ಮೊನ್ನೆ ಕೋಗಿಲೆಯ ಬ್ಯಾಟರಿ ಮುಗಿಯಿತು. ಹೊಸದು ಹಾಕಿ ಎಂದು ಶಾಲಿನಿ ನೆನಪಿಸುತ್ತಾಳೆ, ನಾನು ಮರೆಯುತ್ತೇನೆ. ಊಟಕ್ಕೆ ಮೊದಲು ಎಂದಿನಂತೆ ಮಲಗುತ್ತೇನೆ, ನಿದ್ದೆ ಮಾತ್ರ ಮಾಡುವುದಿಲ್ಲ. ಮೂರು ಮನೆ ಆಚೆಯಿಂದ ಅವಳು ಎಬ್ಬಿಸುವವರೆಗೆ ಕಣ್ಣು ಮುಚ್ಚಿಕೊಂಡು ಕಾಯುತ್ತಿರುತ್ತೇನೆ.